ಅರಶಿನ ಒರೆಸಿದ ಮೇಲೆ ಕಂಡ ಕಾಲು

ಕೊರೊನಾದ ಎರಡನೇ ಅಲೆ. ಗಡಿಯ ಹಳ್ಳಿ ಮಂಡೆಕೋಲಿನಿಂದ ಸುಳ್ಯಕ್ಕೆ ಬಸ್ಸಿಲ್ಲ, ಗಡಿ ದಾಟಿ ಕೇರಳದ ಕಡೆ ಹೋಗುವಂತೆಯೂ ಇಲ್ಲ. ಶುಗರ್ ಇದ್ದ ಬೋಜಪ್ಪನವರ ಪಾದಕ್ಕೆ ಮುಳ್ಳು ಹೊಕ್ಕಿದ್ದು ಇಂಥ ಹೊತ್ತಿನಲ್ಲೇ. ಪಾದ ಬಾತಿತು. ಆಸ್ಪತ್ರೆಗೆ ಹೋದರೆ ಕೊರೊನಾ ಹಿಡಿದೀತೆಂದು ಅವರು ಮನೆಯಿಂದ ಕದಲಲಿಲ್ಲ.

ಆಶಾ ಕಾರ್ಯಕರ್ತೆ ಪ್ರೀತಿಕಾ ಮೊಬೈಲ್ ಹಿಡಿದು ಬಂದಳು.

"ಬೋಜಪ್ಪಣ್ಣ, ವೀಡಿಯೋದಲ್ಲಿ ಡಾಕ್ಟ್ರು ನೋಡ್ತಾರೆ. ಮೊದಲು ಮಾತಾಡುದು ಸುರಕ್ಷಾ, ಡಾಕ್ಟ್ರು ಕಲಿಯುವ ಹುಡುಗಿ. ಕಾಲೇಜು ಮುಚ್ಚಿದೆ, ಈಗ ದರ್ಬೆಯ ತನ್ನ ಮನೆಯಿಂದಲೇ ಕಲಿಯುದು."

"ಕಲೀಲಿಕ್ಕೆ ನನ್ನ ಕಾಲೇ ಆಗ್ಬೇಕಾ ಮಾರಾಯ್ತಿ?"

"ಅವಳು ಕೇಳುದು ಮಾತ್ರ. ದೊಡ್ಡ ಡಾಕ್ಟ್ರೂ ಜೊತೆಗೇ ಇರ್ತಾರೆ, ಮದ್ದು ಹೇಳುದು ಅವರೇ. ನಿಮಗೆ ಬೇಡ ಅಂದ್ರೆ ಅವಳು ಇರುದಿಲ್ಲ."

"ಕೇಳ್ಲಿ ಬಿಡಿ," ಎಂದರು ಹೆಂಡತಿ ದುಗ್ಗಮ್ಮ. "ಕೇಳಿದ್ರೆ ಕಾಲು ಸವೆಯುದಿಲ್ಲ."

ಅಷ್ಟು ಹೇಳಿ ಅವರು ಗಂಡನ ಕಾಲು ತೊಳೆದು, ದಪ್ಪಗೆ ಅರಶಿನ ಬಳಿದರು. ಹೊರಗಿನವರು ನೋಡುವಾಗ ಅಸಹ್ಯ ಕಾಣಬಾರದಲ್ಲ!

ಫೋನಿನಲ್ಲಿ ಸುರಕ್ಷಾ ಮುಳ್ಳಿನ ವಿಷಯ, ಮಾತ್ರೆಯ ವಿಷಯ ಎಲ್ಲ ಕೇಳಿದಳು. ಕಾಲು ನೋಡಿದಳು.

"ಕೆಂಪು ಎಂತದೂ ಕಾಣುದಿಲ್ಲ ಸರ್."

ದೊಡ್ಡ ಡಾಕ್ಟರು ಕೇಳಿದರು: "ವಾರ್ಡಿನಲ್ಲಾದ್ರೆ ಎಂತ ಮಾಡ್ತಿದ್ದೆ?"

"ಮುಟ್ಟಿ ನೋಡ್ತಿದ್ದೆ."

"ಇಲ್ಲಿ ನಿನ್ನ ಕೈ ಮುಟ್ಟುದಿಲ್ಲ. ಅಲ್ಲಿದ್ದವರ ಕೈಯಲ್ಲಿ ಮುಟ್ಟಿಸಿ ಕೇಳು."

ಸುರಕ್ಷಾ ಮತ್ತೊಮ್ಮೆ ಪರದೆ ನೋಡಿದಳು. "ಅಜ್ಜಿ, ಆ ಹಳದಿ ಎಂತದು?"

"ಅರಶಿನ ಮಗಾ. ಚಂದ ಕಾಣ್ಲಿ ಅಂತ."

"ಮೆಲ್ಲ ಒರೆಸ್ತೀರಾ? ಮತ್ತೆ ಎರಡೂ ಕಾಲು ಮುಟ್ಟಿ ನೋಡಿ, ಯಾವುದು ಬಿಸಿ?"

ಅರಶಿನ ಹೋಯಿತು. ಕೆಂಪು ಹರಡಿ ಪಾದದ ಗಂಟಿನವರೆಗೆ ಏರಿತ್ತು. ಕಿರುಬೆರಳು ಕಪ್ಪಾಗಿತ್ತು.

"ದೇವರೇ, ಇದು ಒಲೆ ಕಲ್ಲಿನ ಹಾಗೆ ಬಿಸಿ ಉಂಟು!" ಎಂದರು ದುಗ್ಗಮ್ಮ.

"ನನಗೆ ನೋವೇ ಇಲ್ವಲ್ಲ," ಎಂದರು ಬೋಜಪ್ಪ.

"ಶುಗರ್ ಇದ್ದವರಿಗೆ ಕೆಲವು ಸಲ ನೋವು ಗೊತ್ತಾಗುದಿಲ್ಲ," ಎಂದರು ಡಾಕ್ಟರು. "ಇದು ಫೋನಿನಲ್ಲಿ ಮುಗಿಯುದಲ್ಲ. ಇವತ್ತೇ ಬನ್ನಿ. ತಡ ಮಾಡಿದ್ರೆ ಪಾದವೇ ಹೋದೀತು."

ಬೋಜಪ್ಪ ಹೆಂಡತಿಯ ಮುಖ ನೋಡಿದರು. "ಮಾಸ್ಕ್ ಎಲ್ಲುಂಟು?"

ಪ್ರೀತಿಕಾ ಆಂಬುಲೆನ್ಸ್ ಕರೆದಳು. ಕಿರುಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಈಗ ಗಾಯ ತೋರಿಸುವವರಿಗೆ ಸುರಕ್ಷಾ ಕೇಳುವ ಮೊದಲ ಪ್ರಶ್ನೆ: "ಎಂತ ಹಚ್ಚಿದ್ದೀರಿ?"

ನಿಮ್ಮ ಮನೆಯಲ್ಲೂ ಫೋನಿನಲ್ಲಿ ಡಾಕ್ಟರಿಗೆ ತೋರಿಸುವ ಸಂದರ್ಭ ಬಂದರೆ, ಒಪ್ಪಿಗೆಯಿದ್ದಲ್ಲಿ ಕಲಿಯುವ ಮಕ್ಕಳಿಗೂ ಉತ್ತರ ಕೊಡಿ. ಗಾಯವನ್ನು ಚಂದ ಮಾಡಬೇಡಿ, ಇದ್ದ ಹಾಗೆ ತೋರಿಸಿ. "ಬನ್ನಿ" ಎಂದರೆ ಮಾಸ್ಕ್ ಹಾಕಿ ಆಗಲೇ ಹೊರಡಿ.