ಸೀಮೆಎಣ್ಣೆ ವಾಸನೆಯ ಅಂಗಿ

ಬೇಯುವ ರೇಷ್ಮೆಗೂಡಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಹುಳ ಬೆಂದ ನೀರು, ಒದ್ದೆ ಕಂಬಳಿ, ಹಳಸಿದ ಹುರುಳಿಕಟ್ಟು ಎಲ್ಲ ಒಟ್ಟಿಗೆ ಸೇರಿದ ಹಾಗಿರುತ್ತದೆ. ನಾನು ಹುಟ್ಟಿ ಬೆಳೆದದ್ದು ತಿರುಮಕೂಡಲು ನರಸೀಪುರದಲ್ಲಿ. ಅಪ್ಪ ಊರಾಚೆಯ ಒಂದು ನೂಲು ತೆಗೆಯುವ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದರು. ಸಂಜೆ ಅವರು ಹೊಸಿಲು ದಾಟುವ ಮೊದಲೇ ಅವರ ಅಂಗಿಯ ವಾಸನೆ ಒಳಗೆ ಬರುತ್ತಿತ್ತು. ನಾವು ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಅವರು ಕೆಲಸ ಬಿಟ್ಟ ವಾರ ಅಮ್ಮ ಆ ಅಂಗಿಗಳನ್ನೆಲ್ಲ ಅಂಟುವಾಳದಲ್ಲಿ ಕುದಿಸಿ ಒಗೆದಳು. ಒಣಗಿದ ಮೇಲೆ ಅಪ್ಪ ಒಂದನ್ನು ಮೂಗಿಗೆ ಹಿಡಿದು ನೋಡಿದರು. ಮಡಿಚಿಟ್ಟು ಹೊರಗೆ ಹೋದರು. ಆಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಅಪ್ಪನಿಗೆ ಸಂತೋಷವಾಗಿದೆ ಎಂದುಕೊಂಡೆ.

ಹೋದ ಜುಲೈ ತಿಂಗಳಿನಲ್ಲಿ ಆ ಅಂಗಿ ಮತ್ತೆ ನೆನಪಿಗೆ ಬಂತು.

ನಂಜನಗೂಡಿನ ನನ್ನ ಮನೆಗೆ ಶುಕ್ರವಾರ ಮಧ್ಯಾಹ್ನ ಸಂಘಮಿತ್ರಾ ಬಂದಳು. ಮೂವತ್ತೇಳು ವರ್ಷದ ಈ ಹೆಂಗಸು ಒಂದು ಕಾಲದಲ್ಲಿ ಇಲ್ಲಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ಓದಿದವಳು. ಕಾಲೇಜು ಸೇರಿದ ಮೇಲೂ ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಇದೇ ಮನೆಗೆ ಬರುತ್ತಿದ್ದಳು. ಊರು ನರಸೀಪುರ ತಾಲೂಕಿನ ಹೆಮ್ಮಿಗೆ. ವಾಯುಪಡೆಯಲ್ಲಿ ವಿಂಗ್ ಕಮಾಂಡರ್, ಹೆಲಿಕಾಪ್ಟರ್ ಪೈಲಟ್. ಕೈಯಲ್ಲೊಂದು ದೊಡ್ಡ ಕ್ಯಾನ್ವಾಸ್ ಚೀಲವಿತ್ತು.

ಅವಳು ಚಪ್ಪಲಿ ಬಿಡುತ್ತಿರುವಾಗಲೇ ಪಕ್ಕದ ಮನೆಯ ಪುಟ್ಟಗೌರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು.

"ಏನವ್ವ ಮಿತ್ರಾ, ಮಿಲ್ಟ್ರಿ ಬುಟ್ಬುಟ್ಟು ದೊಡ್ ವಿಮಾನ ಓಡುಸಕ್ಕೆ ಓಯ್ತಿದ್ದೀಯಂತೆ? ನಿನ್ ತಮ್ಮ ರವಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದ, ಏಳ್ದ. ನಂಗೂ ಒಂದ್ ಸೀಟ್ ಮಡುಗು."

"ಮಡಗ್ತೀನಿ ಗೌರಮ್ಮ. ಕಿಟಕಿ ಪಕ್ಕ."

"ಕಿಟಕಿ ಪಕ್ಕ ಬ್ಯಾಡ ಕಣವ್ವ, ನಂಗೆ ವಾಂತಿ ಬತ್ತದೆ."

ಮಿತ್ರಾ ನಕ್ಕಳು. ಒಳಗೆ ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ನಗು ಇರಲಿಲ್ಲ. ನಾನು ಕಾಫಿ ತಂದುಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಿಸ್, ನಾನಾಗಿ ಬಿಟ್ಟಿಲ್ಲ," ಎಂದಳು. "ನನ್ನನ್ನ ಇಟ್ಕೊಳ್ಳಲಿಲ್ಲ."

ಅವಳು ಬಿಡಿಸಿ ಹೇಳಿದಳು. ಅವಳು ಸೇರಿದ್ದು ಹದಿನಾಲ್ಕು ವರ್ಷಗಳ ಗಡುವಿನ ನೇಮಕದಲ್ಲಿ. ಗಡುವು ಮುಗಿಯುವ ಮುನ್ನ ಒಂದು ಮಂಡಳಿ ಕೂತು ದಾಖಲೆಗಳನ್ನು ನೋಡಿ, ಕೆಲವರನ್ನು ನಿವೃತ್ತಿಯವರೆಗೆ ಉಳಿಸಿಕೊಳ್ಳುತ್ತದೆ. ಪರ್ಮನೆಂಟ್ ಕಮಿಷನ್ ಎನ್ನುತ್ತಾರೆ. ಉಳಿದವರಿಗೆ ಒಂದು ಸಂಜೆ ಬೀಳ್ಕೊಡುಗೆಯ ಊಟ.

"ಯಾರದಾದರೂ ತಪ್ಪಿತ್ತೇನೇ?"

"ಯಾರದ್ದೂ ಇಲ್ಲ ಮಿಸ್. ಜಾಗ ಕಮ್ಮಿ ಇತ್ತು, ನನ್ನ ಹೆಸರು ಗೆರೆಯಿಂದ ಕೆಳಗಿತ್ತು. ತಪ್ಪು ಇದ್ದಿದ್ರೆ ಬೈಕೊಂಡಾದರೂ ಇರಬಹುದಿತ್ತು." ಕಾಫಿ ಒಂದು ಗುಟುಕು ಕುಡಿದಳು. "ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದವನು ನನ್ನ ಕೈಯಲ್ಲೇ ಕಲಿತ ಹುಡುಗ. ಮೊದಲನೇ ಸಲ ಒಬ್ಬನೇ ಹಾರೋಕೆ ಬಿಟ್ಟಾಗ ಬೆಲ್ಟನ್ನ ಬಿಗಿದದ್ದನ್ನೇ ಬಿಗೀತಾ ಕೂತಿದ್ದ. ಅವನು ಇರ್ತಾನೆ, ಮಿಸ್. ಇನ್ನೂ ಹದಿನೈದು ವರ್ಷ ಹಾರ್ತಾನೆ."

ಮುಂಬೈ ಕಡೆಯ ಒಂದು ಖಾಸಗಿ ಕಂಪನಿ ಅವಳನ್ನು ಕರೆದಿತ್ತು. ಸಮುದ್ರದ ನಡುವಿನ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಹೆಲಿಕಾಪ್ಟರಿನಲ್ಲಿ ಬಿಟ್ಟು ಬರುವ ಕೆಲಸ. ಒಂದು ತಿಂಗಳು ಕೆಲಸ, ಒಂದು ತಿಂಗಳು ರಜ. ರವಿಕುಮಾರ್ ಇದನ್ನು ಕೇಳಿಸಿಕೊಂಡು, ಅಕ್ಕನಿಗೆ ಬಡ್ತಿಯಾಗಿದೆ, ದೊಡ್ಡ ವಿಮಾನಕ್ಕೆ ಹೋಗುತ್ತಾಳೆ ಎಂದು ಊರಿಗೆಲ್ಲ ಸಾರಿದ್ದ. ಭಾನುವಾರ ಹೆಮ್ಮಿಗೆಯ ಸಮುದಾಯ ಭವನದಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಫ್ಲೆಕ್ಸ್ ಕೂಡ ಬಂದಾಗಿತ್ತಂತೆ.

"ಅಪ್ಪನಿಗೆ ಹೇಳಿಲ್ಲ," ಎಂದಳು. "ಹೇಳಬಾರದು ಮಿಸ್. ಮೂವತ್ತೊಂದು ವರ್ಷ ನಾಲೆ ನೀರು ಬಿಡೋ ಕೆಲಸ ದಿನಗೂಲೀಲಿ ಮಾಡಿದೋರು. ವರ್ಷ ವರ್ಷಾನೂ ಈ ಸಲ ಖಾಯಂ ಮಾಡ್ತಾರೆ ಅಂತ ಕಾಯ್ದರು. ಮಗಳದಾದರೂ ಗಟ್ಟಿ ಕೆಲಸ ಅಂತ ಊರಲ್ಲೆಲ್ಲ ಹೇಳ್ಕೊಂಡು ಓಡಾಡ್ತಾರೆ. ಆದರೆ ಸ್ಟೇಜ್ ಮೇಲೆ ಕೂತು, ಒಳ್ಳೇದಾಯ್ತು ಒಳ್ಳೇದಾಯ್ತು ಅಂತ ನೂರು ಜನ ಹೇಳೋದನ್ನ ಹೇಗೆ ಕೇಳಿಸ್ಕೊಳ್ಳಲಿ? ನೀವು ಜೊತೆಗೆ ಬನ್ನಿ."

ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಂದು ತಿಂಗಳು ರಜ ಎಂದಾಗ ನನಗೆ ಸಂತೋಷವಾಗಿತ್ತು. ಮದುವೆ ಮಾಡಿಕೊಳ್ಳದ, ಎಪ್ಪತ್ತನಾಲ್ಕು ವರ್ಷದ ನನ್ನ ಮನೆಗೆ ಲೆಕ್ಕ ಕೇಳಲು ಯಾರೂ ಬರುವುದಿಲ್ಲ. ಇವಳು ತಿಂಗಳು ಬಿಟ್ಟು ತಿಂಗಳು ಬರಬಹುದು ಎಂದು ಮನಸ್ಸು ಆಗಲೇ ಎಣಿಸತೊಡಗಿತ್ತು. 'ಒಳ್ಳೇದಾಯ್ತು' ಎನ್ನಲು ಬಾಯಿ ತೆರೆದಿದ್ದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಅವಳು ಚೀಲ ಬಿಚ್ಚಿ ಒಂದು ಅಂಗಿ ತೋರಿಸಿದಳು. ಅಂಗಿ ಪ್ಯಾಂಟು ಒಂದೇ ಆಗಿ ಹೊಲಿದ, ಮುಂದೆ ಜಿಪ್ ಇರುವ ಹಸಿರು ಉಡುಪು, ಹಾರುವಾಗ ತೊಡುವುದು. ಕೋಣೆಯಲ್ಲಿ ಸೀಮೆಎಣ್ಣೆಯ ವಾಸನೆ ಹರಡಿತು.

"ಹೆಲಿಕಾಪ್ಟರಿನ ಎಣ್ಣೆ ಮಿಸ್. ಕೊನೇ ಸಲ ಹಾರಿದಾಗ ಹಾಕಿದ್ದು. ಒಗೆದಿಲ್ಲ." ಮಡಿಕೆಯನ್ನು ಅಂಗೈಯಿಂದ ಸವರಿದಳು. "ಹಿಮದ ಮೇಲಿನ ಠಾಣೆಗಳಿಗೆ ಸಾಮಾನು ಹಾಕೋಕೆ ಹೋಗ್ತಿದ್ವಲ್ಲ, ಅಲ್ಲಿ ಎಂಜಿನ್ ಆಫ್ ಮಾಡೋ ಹಾಗಿಲ್ಲ. ಆಫ್ ಮಾಡಿದ್ರೆ ಮತ್ತೆ ಹತ್ತದೇ ಇರಬಹುದು. ರೆಕ್ಕೆ ತಿರುಗ್ತಿರುವಾಗಲೇ ಒಬ್ಬ ಸೈನಿಕ ಬಗ್ಗಿಕೊಂಡು ಓಡಿಬಂದು, ಕಿಟಕೀಲಿ ಪೇಪರಲ್ಲಿ ಸುತ್ತಿದ ಬಿಸಿ ಪೂರಿ ಕೊಡೋನು. ಅವನ ಹೆಸರು ಕೊನೆಗೂ ಕೇಳಲೇ ಇಲ್ಲ. ಆ ಸದ್ದಿನಲ್ಲಿ ಏನೂ ಕೇಳಿಸ್ತಿರಲಿಲ್ಲ."

ಶನಿವಾರ ಇಬ್ಬರೂ ಬಸ್ಸು ಹತ್ತಿದೆವು. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ನಾನು ಅಭ್ಯಾಸಬಲದಿಂದ ಗಾಳಿ ಮೂಸಿದೆ. ಅಪ್ಪ ಕೆಲಸ ಮಾಡುತ್ತಿದ್ದ ಶೆಡ್ಡು ಈಗ ಟೈಲ್ಸ್ ಅಂಗಡಿ. ಮುಂದಿನ ಬಸ್ಸಿನಲ್ಲಿ ಸೀಟು ಇರಲಿಲ್ಲ. ಕಬ್ಬಿಣದ ಬಾಣಲೆ ಹಿಡಿದು ಕೂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಎದ್ದು, "ಕೂತ್ಕಳಿ ಅಜ್ಜಿ, ನಾ ಮುಂದ್ಲೆ ಇಳೀತೀನಿ," ಎಂದಳು. ನಾವು ಹೆಮ್ಮಿಗೆಯಲ್ಲಿ ಇಳಿದಾಗಲೂ ಅವಳು ನಿಂತೇ ಇದ್ದಳು.

ಮಿತ್ರಾಳ ತಂದೆ ನಾಗಯ್ಯನವರು ರಸ್ತೆಗೇ ಬಂದು ಚೀಲ ಇಸಿದುಕೊಂಡರು. ತಾಯಿ ಗೋವಿಂದಮ್ಮ ಕಾಲಿಗೆ ನೀರು ಕೊಟ್ಟರು. ಈ ಮನೆಯಲ್ಲಿ ನಾನು ಮೊದಲು ಊಟ ಮಾಡಿದ್ದು ಮಿತ್ರಾ ತರಬೇತಿಗೆ ಆಯ್ಕೆಯಾದ ವರ್ಷ. ಅದಕ್ಕೆ ಮೊದಲು ಆರು ವರ್ಷ ಅವಳಿಗೆ ಪಾಠ ಹೇಳಿದ್ದೆ. ಅವರು ಕರೆದಿರಲಿಲ್ಲವೋ, ನಾನು ಬಂದಿರಲಿಲ್ಲವೋ ಎಂದು ಕೇಳಿಕೊಂಡರೆ ಉತ್ತರ ನನಗೆ ಗೊತ್ತಿದೆ. ಗೋವಿಂದಮ್ಮ ಆ ಮಾತನ್ನು ಒಮ್ಮೆಯೂ ಎತ್ತಿಲ್ಲ. ನನಗೆಂದು ದಿಂಬಿನ ಮೇಲೆ ಒಗೆದ ಟವೆಲ್ ಹಾಸಿಟ್ಟಿದ್ದರು.

ಭಾನುವಾರ ನಾನು ಏಳುವಷ್ಟರಲ್ಲಿ ಗೋವಿಂದಮ್ಮ ಅಂಗಳದ ತಂತಿಗೆ ಬಟ್ಟೆ ಹರವುತ್ತಿದ್ದರು. ನಡುವೆ ಹಸಿರು ಉಡುಪು ಕೈಕಾಲು ಇಳಿಬಿಟ್ಟುಕೊಂಡು ತೊಟ್ಟಿಕ್ಕುತ್ತಿತ್ತು. ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮಿತ್ರಾ ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದಳು. ನೋಡಿದಳು. ಹತ್ತಿರ ಹೋಗಿ ತೋಳನ್ನು ಹಿಡಿದು ಮೂಗಿಗೆ ಒತ್ತಿದಳು.

"ಅವ್ವಾ, ಇದನ್ನ ಯಾರು ಒಗೆದದ್ದು?"

"ನಾನೇ ಕಣ್ ಮಗ. ಸೀಮೆಣ್ಣೆ ಗಬ್ನಾತ ಒಡೀತಿತ್ತು. ಸೋಪಾಕಿ ಮೂರ್ ನೀರಲ್ಲಿ ಜಾಲಾಡ್ದೆ, ಈಗ ಒಂಚೂರೂ ಇಲ್ಲ ನೋಡು. ಒಣಗುದ್ರೆ ಸನ್ಮಾನಕ್ಕೆ ಇದ್ನೇ ಆಕಬೈದು ಅಂತ. ಯಾಕ್ ಮಗ?"

"ಏನಿಲ್ಲವ್ವ."

ಅವಳು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅಳಲಿಲ್ಲ. ಒದ್ದೆ ತೋಳನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಗೋವಿಂದಮ್ಮ ಏನೂ ತಿಳಿಯದೆ ನನ್ನ ಕಡೆ ನೋಡಿದರು.

ಜಗುಲಿಯ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದ ನಾಗಯ್ಯನವರು ಕನ್ನಡಿ ಕೆಳಗಿಟ್ಟರು. ಒಂದು ಕೆನ್ನೆಯ ಮೇಲೆ ಸೋಪು ಹಾಗೇ ಇತ್ತು. ಎದ್ದು ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಮಗ, ನೀನಾಗೇ ಬುಟ್ಯಾ, ಅವ್ರು ಬುಡ್ಸುದ್ರಾ?"

ಅವಳು ಒದ್ದೆ ತೋಳಿನ ತುದಿಯನ್ನು ಹಿಂಡಿದಳು.

"ಏನಾಯ್ತು ಏಳು ಮಗ. ನನ್ತಾವ ಏಳಕೇನು?"

"ಖಾಯಂ ಮಾಡಲಿಲ್ಲ ಅಪ್ಪ."

ನಾಗಯ್ಯನವರು ತಲೆಯಾಡಿಸಿದರು. ಆ ಒಂದು ಪದದ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋವಿಂದಮ್ಮ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡು ತಂತಿಯ ಕಡೆ ತಿರುಗಿ ನಿಂತರು. ಒಗೆದ ಅಂಗಿಯನ್ನು ಮತ್ತೆ ಕೊಳೆ ಮಾಡಲು ದಾರಿಯಿದ್ದರೆ ಆ ತಾಯಿ ಆಗಲೇ ಮಾಡಿಬಿಡುತ್ತಿದ್ದರು.

ಅಷ್ಟರಲ್ಲಿ ರವಿಕುಮಾರ್ ಬೈಕಿನಲ್ಲಿ ಬಂದ. "ಅಕ್ಕ, ರೆಡಿಯಾಗಕ್ಕ, ಜನ ಸೇರವ್ರೆ. ನಂಜೇಶಣ್ಣ ಆಗ್ಲೇ ಮೈಕ್ ಇಡ್ಕಂಡು ಎಲೋ ಎಲೋ ಅಂತಾವ್ನೆ."

ನಾಗಯ್ಯನವರು ಎದ್ದರು. "ಅಕ್ಕಂಗೆ ಉಸಾರಿಲ್ಲ. ನಾನ್ ಬತ್ತೀನಿ ನಡಿ."

"ನೀನಾ? ನಿಂಗ್ಯಾಕಪ್ಪ ಸನ್ಮಾನ?"

"ಯಾಕ್ಲಾ, ನಂಗೆ ಶಾಲು ಒದುಸುದ್ರೆ ಆಗಕಿಲ್ವಾ? ಒಂದ್ ದಪ ಒದ್ಕಂಡು ನೋಡ್ತೀನಿ ಬುಡು."

ಉಳಿದ ಕೆನ್ನೆ ಹೆರೆದು, ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದು ಹಾಕಿಕೊಂಡರು. ನಾನೂ ಹೊರಟೆ. ಹೋಗುವಾಗ ತಿರುಗಿ ನೋಡಿದರೆ, ಮಿತ್ರಾ ಹಿತ್ತಿಲ ಕಡೆಯಿಂದ ನಾಲೆಯ ದಾರಿ ಹಿಡಿದಿದ್ದಳು.

ಭವನದಲ್ಲಿ ಬುದ್ಧನ ಪಟಕ್ಕೆ ಹೂವು ಹಾಕಿದ್ದರು. ಫ್ಲೆಕ್ಸಿನಲ್ಲಿ ಮಿತ್ರಾಳ ಫೋಟೋದ ಹಿಂದೆ ನೂರಾರು ಜನ ಹತ್ತುವ ದೊಡ್ಡ ವಿಮಾನವೊಂದು ಇತ್ತು. ಅವಳು ಎಂದೂ ಹಾರಿಸದ್ದು. ಪಂಚಾಯಿತಿ ಸದಸ್ಯನಾಗಿದ್ದ ನಂಜೇಶ್ ಮಾತಾಡಿದ. "ನಮ್ಮೂರ ಹೆಣ್ಣುಮಗಳು ವಾಯುಸೇನೆಯನ್ನೂ ಮೀರಿ ಮೇಲೇರಿದ್ದಾರೆ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ, ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಒಬ್ಬರಾದ ಮೇಲೆ ಒಬ್ಬರು ವೇದಿಕೆ ಹತ್ತಿ ನಾಗಯ್ಯನವರ ಕೈ ಕುಲುಕಿ, "ಒಳ್ಳೇದಾಯ್ತು ಕಣಣ್ಣ," ಎಂದರು. "ಊಂ, ಆಯ್ತು," ಎಂದು ಅವರು ಪ್ರತಿಯೊಬ್ಬರಿಗೂ ಹೇಳಿದರು. ಮಗಳು ಕೇಳಲಾರೆನೆಂದ ಮಾತನ್ನೆಲ್ಲ ಅವರು ಕೇಳಿದರು. ಕೆಂಪು ಶಾಲು ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ ಆ ಮನುಷ್ಯ ಎಷ್ಟು ಒಂಟಿಯಾಗಿದ್ದರೆಂದು ಮುಂದಿನ ಸಾಲಿನಲ್ಲಿದ್ದ ನನಗೊಬ್ಬಳಿಗೆ ಗೊತ್ತಿತ್ತು. ಎದ್ದು ಹೋಗಿ ಪಕ್ಕದಲ್ಲಿ ಕೂರೋಣವೆನ್ನಿಸಿತು. ಕೂರಲಿಲ್ಲ.

ಮೈಕ್ ಕೊಟ್ಟಾಗ ಅವರು ಅದನ್ನು ಬಾಯಿಂದ ದೂರವೇ ಹಿಡಿದು, "ನನ್ ಮಗ್ಳು ಹದ್ನಾಕ್ ವರ್ಷ ಚೆನ್ನಾಗ್ ಗೇದವ್ಳೆ. ಅಷ್ಟೇಯ," ಎಂದು ವಾಪಸು ಕೊಟ್ಟರು.

ಊಟಕ್ಕೆ ಪಲಾವು, ಪಾಯಸ ಮಾಡಿಸಿದ್ದರು. ನಾಗಯ್ಯನವರು ಎಲೆಯ ಮುಂದೆ ಕೂರದೆ ಶಾಲು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಗೋವಿಂದಮ್ಮ ಒಲೆಯ ಮುಂದಿದ್ದರು. ಒಂದು ಸ್ಟೀಲಿನ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟರು. ಎರಡು ಅಂತಸ್ತಿನ ಹಳೆಯ ಡಬ್ಬಿ, ಒಂದು ಕಡೆ ನೆಗ್ಗಿತ್ತು. ನಾನೂ ಜೊತೆಗೆ ಹೊರಟೆ. ಕೆಸರು ಇದ್ದಲ್ಲೆಲ್ಲ ಅವರು ನಿಂತು, ನನ್ನ ಕಾಲು ಗಟ್ಟಿ ನೆಲಕ್ಕೆ ಬರುವವರೆಗೆ ಕಾಯುತ್ತಿದ್ದರು.

"ರಜ ಇದ್ದಾಗ ಈ ಡಬ್ಬೀಯ ಅವ್ಳೇ ನಾಲೆ ತೂಬಿನ್ತಾವ್ಕೆ ತತ್ತಿದ್ಲು ಮೇಡಮ್ಮೋರೆ," ಎಂದರು ಸ್ವಲ್ಪ ದೂರ ಹೋದ ಮೇಲೆ. ಮತ್ತೆ ಸ್ವಲ್ಪ ದೂರ ನಡೆದು, "ನನ್ ಕೆಲ್ಸ ನಿಲ್ಸುದ್ದು ಅವ್ಳು ಟ್ರೈನಿಂಗಲ್ಲಿದ್ದಾಗ. ಏಳ್ನಿಲ್ಲ. ಏಳುದ್ರೆ ಬುಟ್ಬುಟ್ಟು ಬಂದ್ಬುಡ್ತಾಳೆ ಅಂತ. ಊರೋರ್ಗೂ ಏಳ್ನಿಲ್ಲ. ಎಂಟ್ ತಿಂಗ್ಳು ದಿನಾಲೂ ಡಬ್ಬಿ ಇಡ್ಕಂಡು ಓಗಿ ತೂಬಿನ್ ಮ್ಯಾಲೆ ಕೂತಿದ್ದು ಸಂಜ್ಗೆ ಬತ್ತಿದ್ದೆ."

"ಗೋವಿಂದಮ್ಮನಿಗೆ?"

"ಅವ್ಳಿಗೆ ಗೊತ್ತಿತ್ತೇನೋ. ಡಬ್ಬಿ ಕಟ್ಟೋದು ಮಾತ್ರ ನಿಲ್ಸ್ನಿಲ್ಲ."

ನಾಲೆಯಲ್ಲಿ ನೀರು ಬಿಟ್ಟಿದ್ದರು. ತೂಬಿನ ಕಲ್ಲಿನ ಮೇಲೆ ಮಿತ್ರಾ ನಮಗೆ ಬೆನ್ನು ಮಾಡಿ ಕುಳಿತಿದ್ದಳು. ಒದ್ದೆ ಅಂಗಿಯನ್ನು ಪಕ್ಕದ ಬೇಲಿಯ ಮೇಲೆ ಹರವಿದ್ದಳು. ನಾನು ಹೊಂಗೆಮರದ ಕೆಳಗೇ ನಿಂತುಕೊಂಡೆ. ನೀರಿನ ಸದ್ದಿಗೆ ಅವಳಿಗೆ ತಂದೆ ಬಂದದ್ದು ಕೇಳಿಸಲಿಲ್ಲ.

ನಾಗಯ್ಯನವರು ಅವಳಿಂದ ಒಂದು ಮೊಳ ದೂರದಲ್ಲಿ ಕುಳಿತರು. ಡಬ್ಬಿಯನ್ನು ತೊಡೆಯ ನಡುವೆ ಇಟ್ಟು, ಬಿಗಿಯಾಗಿದ್ದ ಮುಚ್ಚಳವನ್ನು ತಿರುವಿ ಸಡಿಲ ಮಾಡಿದರು. ಕೆಳಗಿನದರಲ್ಲಿ ಮುದ್ದೆ, ಮೇಲಿನದರಲ್ಲಿ ಉಪ್ಸಾರು. ಆವಿ ಇನ್ನೂ ಇತ್ತು. ಕೈ ಚಾಚಿ ಅವಳ ಮಡಿಲಿನ ಹತ್ತಿರ ಹಿಡಿದರು. ಅವಳು ತಿರುಗಿ ನೋಡಿ, ಎರಡೂ ಕೈಯಲ್ಲಿ ಇಸಿದುಕೊಂಡಳು.