ತಾಯಿಯ ಖಾನೆ

ಚಹಾದ ಬಟ್ಟಲುಗಳನ್ನು ಅತ್ತ ಸರಿಸಿ ಮೀರ್‌ಗುಲ್ ಕಂಪ್ಯೂಟರಿನ ಮುಂದೆ ಕುಳಿತಾಗಿನಿಂದ ಅದು ಒಂದೇ ರಾಗ ಎಳೆಯುತ್ತಿತ್ತು: ‘ತಾಯಿಯ ಖಾನೆ ಖಾಲಿ ಬಿಡುವಂತಿಲ್ಲ.’

“ಏನಂತೆ ಅದರ ಗೋಳು?” ಎಂದರು ಪಕ್ಕದಲ್ಲಿ ಚಹಾ ಹೀರುತ್ತಿದ್ದ ಮಾವ ಓಮುರ್‌ಬೆಕ್.

“ತಾಯಿ ಯಾರು ಅಂತ ಕೇಳ್ತಿದೆ ಮಾವ.”

“ಅದಕ್ಯಾಕೆ ಊರ ಉಸಾಬರಿ? ಅಪ್ಪನ ಹೆಸರು ಕೊಟ್ಟಾಯ್ತಲ್ಲ.”

ಭಾನುವಾರ ಅವರ ಎಂಬತ್ತರ ಔತಣ. ಡೇರೆಯ ಬಾಗಿಲಲ್ಲಿ ಏಳು ತಲೆಮಾರಿನ ವಂಶವೃಕ್ಷ ತೂಗುಹಾಕಬೇಕೆಂದು ಅವರ ಆಸೆ. ಏಳು ತಲೆಯ ಅಪ್ಪಂದಿರ ಹೆಸರು ಹೇಳಲಾರದವನನ್ನು ಕಿರ್ಗಿಜರು ಮನುಷ್ಯನೆಂದೇ ಎಣಿಸುವುದಿಲ್ಲ. ಅಮ್ಮಂದಿರ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳಿಗೂ ಆ ಮರದಲ್ಲಿ ಜಾಗವಿಲ್ಲ. ಮೀರ್‌ಗುಲ್‌ಗೆ ಇಬ್ಬರೂ ಹೆಣ್ಣುಮಕ್ಕಳೇ, ಆಯ್ಜಾನ್ ಮತ್ತು ಸೈರಾ. ಅಂದರೆ ಅವಳ ಗಂಡನ ಹೆಸರಿಗೇ ಆ ಕೊಂಬೆ ಮೊಟಕು. ಅದನ್ನು ತನ್ನ ಕೈಯಿಂದಲೇ ಬರೆಯಬೇಕಾಗಿ ಬಂದದ್ದಕ್ಕೆ ಅವಳಿಗೆ ನೋವಾಗಿತ್ತು, ಯಾರಿಗೂ ಹೇಳಿರಲಿಲ್ಲ.

ಡೇಟಾಬೇಸ್ ವಿದ್ಯೆ ಅವಳಿಗೆ ಹೊಸದು. ಊರಿನ ಗ್ರಂಥಾಲಯದಲ್ಲಿ ನಾಲ್ಕು ಪಾಠ ಕಲಿತಿದ್ದಳು, ಅಷ್ಟೇ. ಹೊಸದಾಗಿ ಕಟ್ಟುವ ಧೈರ್ಯವಿಲ್ಲದೆ, ಕುದುರೆ ಫಾರಂನ ತಿಲೆಕ್‌ನಿಂದ ಕುದುರೆಗಳ ಡೇಟಾಬೇಸನ್ನೇ ತಂದು, ‘ಕುದುರೆ’ ಎಂದಿದ್ದ ಕಡೆಯೆಲ್ಲ ‘ವ್ಯಕ್ತಿ’ ಎಂದು ತಿದ್ದಿದ್ದಳು. ಹೆಸರೇನೋ ಬದಲಾಯಿತು, ಒಳಗಿನ ನಿಯಮ ಬದಲಾಗಲಿಲ್ಲ. ತಾಯಿಯ ಖಾನೆಯಲ್ಲಿ ಒಂದು ಗೆರೆ ಹಾಕಿ ನೋಡಿದಳು. ‘ಈ ತಾಯಿ ಪಟ್ಟಿಯಲ್ಲಿಲ್ಲ’ ಎಂದಿತು. ಕೊನೆಗೆ ತಿಲೆಕ್‌ಗೆ ಫೋನ್ ಹಚ್ಚಿದಳು.

“ಯಾರ ಹೆಸರು ಹಾಕುವಾಗ ತಪ್ಪು ತೋರಿಸ್ತಿದೆ ಅಕ್ಕ?”

ಸೊಸೆಯಾದವಳು ಮಾವನ ಹೆಸರಾಗಲಿ ಅವರ ಅಪ್ಪನ ಹೆಸರಾಗಲಿ ಬಾಯಿಬಿಟ್ಟು ಹೇಳುವುದುಂಟೇ? “ಅದು... ನನ್ನ ಪಕ್ಕ ಕೂತು ಚಹಾ ಕುಡೀತಿರೋರ ಅಪ್ಪಂದು” ಎಂದಳು.

ಆ ಕಡೆ ತಿಲೆಕ್ ಬಿದ್ದು ಬಿದ್ದು ನಕ್ಕ. “ತಾಯಿ ಗೊತ್ತಿಲ್ಲದ ಕುದುರೇನ ಫಾರಂ ಒಳಗೇ ಬಿಡಲ್ಲ, ಅದಕ್ಕೇ ಆ ನಿಯಮ. ತಾಯಿಗೆ ಮೊದಲು ಒಂದು ಸಾಲು, ಆಮೇಲೆ ಮಕ್ಕಳಿಗೆ. ಬೇಡ ಅಂದ್ರೆ ‘ಕಡ್ಡಾಯ’ ಅನ್ನೋದರ ಟಿಕ್ ತೆಗೆದುಬಿಡಿ. ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ.”

ಮೀರ್‌ಗುಲ್ ಮೌಸಿನ ಬಾಣವನ್ನು ಆ ಟಿಕ್ಕಿನ ಮೇಲೆ ತಂದಳು. ಒತ್ತಲು ಕೈ ಬರಲಿಲ್ಲ.

“ಮಾವ, ಒಂದು ಮಾತು ಕೇಳ್ಲಾ? ಅಂಗಳದಲ್ಲಿರೋ ಬೂದು ಕುದುರೆ ತಾಯಿ ಯಾವುದು?”

“ಹಣೆಚುಕ್ಕೆಯದು. ಅದರ ತಾಯಿ ಕುಂಟುಗಪ್ಪು. ಅದರ ತಾಯೀನ ನಮ್ಮಪ್ಪ ಕಣಿವೆ ಆಚೆಯಿಂದ ತಂದಿದ್ದು” ಎಂದು ಮಾವ ಉಸಿರು ಬಿಡದೆ ಒಪ್ಪಿಸಿದರು.

“ನಿಮ್ಮಪ್ಪನ ತಾಯಿ ಹೆಸರು?”

ಬಟ್ಟಲು ತುಟಿಯ ಬಳಿಯೇ ನಿಂತಿತು. “ಅಜ್ಜಿ ಅಂತಿದ್ವಿ...” ಎಂದು ಗಡ್ಡ ಕೆರೆದುಕೊಂಡರು. “ಬುರುಲ್ ಅಕ್ಕನ್ನ ಕರಿ. ಅವಳಿಗೆ ಗೊತ್ತಿರುತ್ತೆ.”

ಪಕ್ಕದ ಬೀದಿಯಲ್ಲಿದ್ದ ಬುರುಲ್ ಕೋಲೂರಿಕೊಂಡು ಬಂದು, ವಿಷಯ ಕೇಳಿ, ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು. “ಗೊತ್ತಿದೆ. ಮೊದಲು ನನ್ನ ಹೆಸರು ಬರೀರಿ, ಆಮೇಲೆ ಹೇಳ್ತೀನಿ.”

“ನೀನು ಬೇರೆ ಮನೆಗೆ ಹೋದವಳಲ್ವೇನಕ್ಕ? ಹಿರಿಯರು ಮಾಡಿಟ್ಟ ಪದ್ಧತಿ ಅದು. ಎಲ್ಲರನ್ನೂ ಬರೆದ್ರೆ ಮರ ಹೋಗಿ ಪೊದೆ ಆಗುತ್ತೆ.”

“ಆಗ್ಲಿ ಬಿಡೋ, ಪೊದೇಲೇ ಹಣ್ಣು ಬಿಡೋದು! ನೀನು ಕೆಂದು ಕುದುರೇನ ಮಾರಿ ಕಣಿವೆ ದಾಟಿಸಿದೆಯಲ್ಲ, ಅದರ ಹೆಸರು ಫಾರಂ ಪಟ್ಟೀಲಿ ಇನ್ನೂ ಇದ್ಯಾ, ಇಲ್ವಾ?”

“ಇದೆ.”

“ನಿನ್ನನ್ನ ಬೆನ್ನಿಗೆ ಕಟ್ಕೊಂಡು ಕುರಿ ಕಾಯ್ದೋಳು ನಾನು. ನಾನೇನು ಆಕಾಶದಿಂದ ಉದುರಿದ್ನಾ?”

ಓಮುರ್‌ಬೆಕ್ ಅಕ್ಕನನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬರಿಯಮ್ಮಾ, ಬರಿ. ಇಲ್ದಿದ್ರೆ ಇವಳು ಔತಣದಲ್ಲಿ ಮಾನ ಕಳೀತಾಳೆ.”

ಅಜ್ಜಿಯ ಹೆಸರು ಸುಯುಮ್‌ಕಾನ್. ಅಲ್ಲಿಂದಾಚೆಗೆ ಬುರುಲ್‌ಗೂ ನೆನಪಿರಲಿಲ್ಲ. ಓಮುರ್‌ಬೆಕ್, “‘ಹೆಸರು ಮರೆತ ತಾಯಿ’ ಅಂತ ಬರಿ. ತಪ್ಪು ನಮ್ದು, ಅವರದ್ದಲ್ಲ” ಎಂದರು. ಆ ತಾಯಿಗೂ ಒಂದು ಸಾಲು ಸಿಕ್ಕಿತು, ತಾಯಿ ಗೊತ್ತಿಲ್ಲದ ಕಡೆಯೆಲ್ಲ ಅವಳೇ ತಾಯಿಯಾದಳು. ಆಮೇಲೆ ಹೆಸರುಗಳು ಒಂದೊಂದಾಗಿ ತಕರಾರಿಲ್ಲದೆ ಒಳಗೆ ಹೋದವು. ಕಡೆಯಲ್ಲಿ ಮೀರ್‌ಗುಲ್ ತಡವರಿಸಿದಳು. “ಹುಡುಗೀರು...?”

“ಅವರನ್ನ ಬಿಟ್ಟು ಮರ ಎಲ್ಲಿದೆ?” ಎಂದರು ಮಾವ. “ಅವರ ತಾಯೀನ ಮೊದಲು ಬರಿ. ಇಲ್ದಿದ್ರೆ ನಿನ್ನ ಯಂತ್ರ ಮತ್ತೆ ಜಗಳಕ್ಕೆ ಬರುತ್ತೆ. ನಿಮ್ಮಮ್ಮನ ಹೆಸರೂ ಹಾಕು.”

ಹೆಸರು ಟೈಪು ಮಾಡುವಾಗ ಅವಳಿಗೆ ಅಕ್ಷರಗಳು ಮಂಜಾದವು. ಸಂತೋಷಕ್ಕೆ ಕಣ್ಣೀರು ಬರುತ್ತದೆಂದು ಕೇಳಿದ್ದಳು, ಈಗ ನಂಬಿದಳು.

ಭಾನುವಾರ ಆಚೆ ಕಣಿವೆಯ ಮುದುಕನೊಬ್ಬ ಮರದ ಮುಂದೆ ನಿಂತು, “ಇದೇನೋ, ತುಂಬಾ ಹೆಂಗಸರು!” ಎಂದು ಕೆಣಕಿದ. ಓಮುರ್‌ಬೆಕ್ ಚಾಟಿಯ ಹಿಡಿಯಿಂದ ತೋರಿಸುತ್ತಾ, “ಇವರು ನನ್ನ ಮೊಮ್ಮಕ್ಕಳು, ಆಯ್ಜಾನ್, ಸೈರಾ. ಇವರ ತಾಯಿ ಮೀರ್‌ಗುಲ್” ಎಂದರು. ಇಷ್ಟು ವರ್ಷ ‘ಸೊಸೆ’ ಎಂದೇ ಕರೆಸಿಕೊಂಡವಳು ಮಾಂಸದ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

“ಈಗ ನೀನು ಹೇಳು. ನಿಮ್ಮಪ್ಪನ ತಾಯಿ ಯಾರು?”

ಮುದುಕ ಮಾಂಸದ ತಟ್ಟೆಗೆ ಕೈ ಹಾಕಿದ. ಅವನ ಹೆಂಡತಿ ಸದ್ದಿಲ್ಲದೆ ಮೀರ್‌ಗುಲ್‌ಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

“ಬುರುಲ್ ಎಲ್ಲ ಹೇಳಿದ್ಲು. ಆ ಕುದುರೆ ಪಟ್ಟೀನ ನಮಗೂ ಒಂದು ಕೊಡ್ತೀಯಾ ತಾಯಿ? ಅದೇನೋ ಟಿಕ್ ಅಂತಾರಲ್ಲ, ಅದನ್ನ ಮಾತ್ರ ತೆಗೀಬೇಡ.”