ಸ್ಟುಡಿಯೋದ ಹಳೆಯ ಕಂಪ್ಯೂಟರ್

ಡಿಲೀಟ್ ಒತ್ತಿದರೆ ಎಲ್ಲ ಹೋಯಿತು ಎಂದು ನಂಬುವವರಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಆದರೂ ಅಂಥವರನ್ನು ಕಂಡರೆ ನನಗೆ ಸಿಟ್ಟು. ಕುಮಟಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಶಾಂತಾರಾಮ ಆ ಪೈಕಿಯವನು. ೨೦೦೪ರಲ್ಲಿ ಹೊಸ ಕಂಪ್ಯೂಟರ್ ತಂದು, ಹಳೆಯದನ್ನು ಭಟ್ಕಳದ ಸೈಬರ್ ಅಂಗಡಿಯೊಂದಕ್ಕೆ ಮಾರಿದ. ಫೋಟೋಗಳನ್ನೆಲ್ಲ ಅಳಿಸಿದ್ದೇನೆ ಅಂದ. ಅದನ್ನು ಭಟ್ಕಳಕ್ಕೆ ಒಯ್ಯಲು ಬಂದಿದ್ದ, ಕಂಪ್ಯೂಟರ್ ರಿಪೇರಿಯವನಾದ ನಾನು ಅವನ ಎದುರೇ ಅವನ್ನೆಲ್ಲ ವಾಪಸ್ ತಂದೆ. ಅವನ ಮುಖ ಇಳಿದುಹೋಯಿತು, ಯಾಕೆಂದರೆ ಮಾರಾಟದ ಸುದ್ದಿ ಕೇಳಿ ಓಡಿಬಂದಿದ್ದ ಧನ್ಯಾ ಅಲ್ಲೇ ಕೂತಿದ್ದಳು.

ಅವಳಿಗೆ ಹೊನ್ನಾವರದ ನರೇಶನ ಜೊತೆ ನಿಶ್ಚಿತಾರ್ಥವಾಗಿತ್ತು. ಫೋಟೋ ತೆಗೆದವನು ಶಾಂತಾರಾಮನೇ. ಆಲ್ಬಮ್ ಕೈಗೆ ಬರುವ ಮೊದಲೇ ಹುಡುಗನ ಕಡೆಯವರು ಸಂಬಂಧ ಮುರಿದರು. ಈಗ ಬಂದಿದ್ದ ಹೊಸ ಸಂಬಂಧ ಭಟ್ಕಳದ್ದೇ. ಹಿಂದಿನದನ್ನೆಲ್ಲ ಹೇಳಿಯೇ ಮಾತುಕತೆ ನಡೆದಿತ್ತು. ಆದರೆ ಕಿವಿಯಲ್ಲಿ ಕೇಳುವುದು ಬೇರೆ, ಹಾರ ಹಾಕಿಕೊಂಡು ಇನ್ನೊಬ್ಬನ ಪಕ್ಕ ನಿಂತದ್ದನ್ನು ಕಣ್ಣಾರೆ ನೋಡುವುದು ಬೇರೆ.

"ಒರೆಸೂಕೆ ಮುಂಚೆ ಒಂದ್ಸಲ ನೋಡ್ತ್ಯಾ?" ಎಂದು ಶಾಂತಾರಾಮ ಕೇಳಿದ.

"ಎಂತಕ್ಕೆ? ಬೇಡ" ಎಂದು ಧನ್ಯಾ ಕೂತಲ್ಲೇ ಬಾಗಿಲ ಕಡೆ ತಿರುಗಿದಳು. "ಯಾರಿಗೂ ಹೇಳೂದು ಬೇಡ ಶಾಂತಾರಾಮಣ್ಣ. ನಿಮ್ಮನೇಲೂ ಬೇಡ."

ಯಾರೂ ಏನನ್ನೂ ವಾಪಸ್ ತರಲಾಗದಂತೆ ಹಾರ್ಡ್ ಡಿಸ್ಕಿನ ಮೂಲೆಮೂಲೆಗೂ ಸೊನ್ನೆ ಬರೆಯುವ ಪ್ರೋಗ್ರಾಂ ಹಾಕಿದೆ. ಅದು ಮುಗಿಯುವ ತನಕ ಅವಳು ಸ್ಟೂಲ್ ಬಿಟ್ಟು ಏಳಲಿಲ್ಲ. ಆಮೇಲೆ ವಿಂಡೋಸ್ ಹಾಕಿ, ನಾಳೆ ಒಯ್ಯುತ್ತೇನೆ ಎಂದು ಮಷೀನನ್ನು ಸ್ಟುಡಿಯೋದಲ್ಲೇ ಬಿಟ್ಟು ಹೋದೆ.

ಮರುದಿನ ಭಟ್ಕಳದ ಅಂಗಡಿಯಲ್ಲಿ ಅದನ್ನು ಜೋಡಿಸಿ ಸ್ವಿಚ್ ಹಾಕಿದೆ. ಪರದೆ ತುಂಬ ಧನ್ಯಾ ಮತ್ತು ನರೇಶ. "ಒಳ್ಳೇ ಜೋಡಿ" ಅಂದ, ಸರದಿಗೆ ಕಾಯುತ್ತಿದ್ದ ಒಬ್ಬ ಗಿರಾಕಿ. ನಾನು ವಯರನ್ನೇ ಕಿತ್ತೆ.

ಸ್ಟುಡಿಯೋಕ್ಕೆ ಫೋನ್ ಮಾಡಿದರೆ ಶಾಂತಾರಾಮನ ಹೆಂಡತಿ ಮಂಗಲಾ ಎತ್ತಿದಳು.

"ಫೋಟೋ ಹಾಕಿದ್ದು ನಾನೇಯ" ಅಂದಳು. "ಇಸ್ಕೊಂಡ ಪಾತ್ರೆ ವಾಪಸ್ ಕೊಡೂವಾಗ್ಲೂ ಚೂರು ಬೆಲ್ಲ ಹಾಕಿ ಕೊಡ್ತ್ರು. ಅಷ್ಟು ದೊಡ್ಡ ಮಷೀನು ಖಾಲಿ ಕೊಡೂಕೆ ಆಗ್ತದಾ? ಗಿರಾಕಿಗಳಿಗೆ ತೋರ್ಸೂ ಸ್ಯಾಂಪಲ್ ಸೀಡೀಲಿ ಅದೊಂದೇ ಲಕ್ಷಣವಾಗಿತ್ತು."

ಯಾರಿಗೂ ಹೇಳಬೇಡ ಎಂದದ್ದನ್ನು ಶಾಂತಾರಾಮ ಹೆಂಡತಿಯ ಹತ್ತಿರವೂ ಪಾಲಿಸಿದ್ದ. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಆ ಸೀಡಿಯನ್ನು ನನಗೆಂದು ತೆಗೆದಿಡಲು ಹೇಳಿದೆ.

ಆಮೇಲೆ ಧನ್ಯಾಗೆ ಫೋನ್ ಮಾಡಿದೆ. ಮುಚ್ಚಿಡಬಹುದಿತ್ತು, ಆದರೆ ಆ ಗಿರಾಕಿ ಯಾರ ಪೈಕಿಯವನೋ ಏನೋ. ನಡೆದದ್ದನ್ನೆಲ್ಲ ಹೇಳಿದೆ.

"ಅದ್ರಲ್ಲಿ ನಾನು ಹೆಂಗೆ ಇದ್ದೆ?" ಎಂದು ಕೇಳಿದಳು.

"ನಗ್ತಾ ಇದ್ರಿ."

ನನಗೆ ಸಂಕಟವಾಯಿತು. ಸೀಡಿ ಇನ್ನೂ ಇದೆ, ಬೇಕಾದರೆ ನಿಮಗೊಬ್ಬರಿಗೇ ಒಂದು ಪ್ರತಿ ಮಾಡಿಕೊಡುತ್ತೇನೆ ಎಂದೆ.

"ಬೇಡ, ಮುರ್ದು ಹಾಕಿ" ಅಂದಳು. "ಅವನ ಮುಖ ಯಾರು ನೋಡಿದ್ರೂ ಆತು. ನಾನು ನಕ್ಕಿದ್ದು ಉಳಿಯೂದು ಬೇಡ."

ಅಂಗಡಿಯವನು ಗೊಣಗುತ್ತಲೇ ಇದ್ದ. ನಾನು ವಯರ್ ಸಿಕ್ಕಿಸಿ, ಮೊದಲಿನಿಂದ ಸೊನ್ನೆ ಬರೆಸಲು ಕೂತೆ.